ಯಾರದೂ ಹೊಂದದ ರಕ್ತ

ಕಳೆದ ತಿಂಗಳು ನೆಂಟರ ಮದುವೆಗೆಂದು ಶಿಡ್ಲಘಟ್ಟಕ್ಕೆ ಹೋಗಿದ್ದೆ. ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಬೇಯುತ್ತಿದ್ದ ರೇಷ್ಮೆಗೂಡಿನ ವಾಸನೆ ಮೂಗಿಗೆ ಬಡಿಯಿತು. ಜೊತೆಗಿದ್ದ ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ. ಆ ವಾಸನೆಯಲ್ಲಿ ಎರಡು ವರ್ಷ ದುಡಿದವಳು ನಾನು. ಆದರೆ ಅದರ ಹಿಂದೆಯೇ ಹಳೆಯ ಸಿಟ್ಟೊಂದು ಎದ್ದು ಬಂತು. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಅದು ಇಳಿಯಲಿಲ್ಲ. ಸೊಸೆ ಎರಡು ಸಲ ಕೇಳಿದಳು, ಏನಾಯಿತು ಅಂತ. ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಚೀನಾ ಯುದ್ಧ ಮುಗಿದ ಮರುವರ್ಷದ ಚಳಿಗಾಲ ಅದು. ನನಗಾಗ ಇಪ್ಪತ್ತೆರಡು. ಗೌರಿಬಿದನೂರಿನ ಪ್ರೈಮರಿ ಶಾಲೆ ಮೇಷ್ಟರ ಮಗಳು. ಎಸ್ಸೆಸ್ಸೆಲ್ಸಿ ಮುಗಿಸಿ, ಬೆಂಗಳೂರಿನ ದೊಡ್ಡಾಸ್ಪತ್ರೆಯೊಂದರಲ್ಲಿ ಒಂದು ವರ್ಷ ಲ್ಯಾಬಿನ ಕೆಲಸ ಕಲಿತಿದ್ದೆ. ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಗಳು ಕೆಲವರು ಸೇರಿ ಸಣ್ಣದೊಂದು ಆಸ್ಪತ್ರೆ ಕಟ್ಟಿಸಿದ್ದರು. ಅಲ್ಲಿ ನನಗೆ ಕೆಲಸ ಸಿಕ್ಕಿತು. ಲ್ಯಾಬು ಎಂದರೆ ಕಿಟಕಿ ಪಕ್ಕದ ಒಂದು ಮೇಜು, ಒಂದು ಸೂಕ್ಷ್ಮದರ್ಶಕ, ಗಾಜಿನ ನಳಿಕೆಗಳು, ಸೀಮೆಎಣ್ಣೆಯಲ್ಲಿ ನಡೆಯುವ ಒಂದು ಫ್ರಿಜ್ಜು. ಕಿಟಕಿಯಾಚೆ ನೂಲು ಬಿಚ್ಚುವ ಕೊಟ್ಟಡಿಗಳು. ರೋಗಿಗಳು ನನ್ನನ್ನು ಲ್ಯಾಬಮ್ಮ ಅನ್ನುತ್ತಿದ್ದರು. ಇದ್ದ ಒಬ್ಬರೇ ಡಾಕ್ಟರು, ಶ್ರೀಕಂಠಯ್ಯನವರು, ಪದ್ಮಾವತಿ ಎಂದು ಪೂರ್ತಿ ಹೆಸರು ಹಿಡಿದು ಕರೆಯುತ್ತಿದ್ದರು. ಕೈಗುಣ ಚೆನ್ನಾಗಿತ್ತು, ತಾಳ್ಮೆ ಇರಲಿಲ್ಲ.

ರತ್ನಮ್ಮ ಬಂದದ್ದು ಸಂಕ್ರಾಂತಿಗೆ ವಾರವಿರುವಾಗ. ಹತ್ತಿರದ ಹಳ್ಳಿಯವಳು, ಮೂವತ್ತರ ಆಸುಪಾಸು, ಎರಡು ಮಕ್ಕಳ ತಾಯಿ. ಗರ್ಭಕೋಶದಲ್ಲಿ ಗಡ್ಡೆ ಬೆಳೆದು ತಿಂಗಳುಗಟ್ಟಲೆ ರಕ್ತ ಹೋಗಿ ಹೋಗಿ ಅಂಗೈ ಸುಣ್ಣದಂತೆ ಬೆಳ್ಳಗಾಗಿತ್ತು. ಗಂಡ ಪಿಳ್ಳಪ್ಪ ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಬಂದಿದ್ದ. ಡಾಕ್ಟರು ನೋಡಿದವರೇ, ಆಪರೇಷನ್ ಮಾಡದೆ ಗತಿಯಿಲ್ಲ, ಆದರೆ ಈ ಮೈಯಲ್ಲಿ ಮಾಡಿದರೆ ಮೇಜಿನ ಮೇಲೆಯೇ ಹೋಗುತ್ತಾಳೆ, ಮೊದಲು ರಕ್ತ ಕೊಡಬೇಕು ಎಂದರು.

ಗುಂಪು ಪತ್ತೆ ಮಾಡುವುದು ನನ್ನ ಕೆಲಸ. ಬಿಳಿ ಪಿಂಗಾಣಿ ಬಿಲ್ಲೆಯ ಮೇಲೆ ಅವಳ ರಕ್ತದ ಎರಡು ತೊಟ್ಟು ಹಾಕಿ, ಒಂದಕ್ಕೆ ಎ ಪತ್ತೆಹಚ್ಚುವ ಸೀರಂ, ಇನ್ನೊಂದಕ್ಕೆ ಬಿ ಪತ್ತೆಹಚ್ಚುವ ಸೀರಂ ಬೆರೆಸಿದೆ. ಗುಂಪು ಎ ಆಗಿದ್ದರೆ ಮೊದಲನೆಯದು ಒಡೆದ ಹಾಲಿನಂತೆ ಗಂಟುಗಂಟಾಗಬೇಕು, ಬಿ ಆಗಿದ್ದರೆ ಎರಡನೆಯದು. ಎರಡೂ ನಯವಾಗಿಯೇ ಉಳಿದವು. ಅಂದರೆ ಓ. ಓ ಗುಂಪಿನವರಿಗೆ ಓ ರಕ್ತ ಕೊಡಬೇಕು, ಅದು ಸಿಗುವುದು ಕಷ್ಟವೇನಲ್ಲ. ಯುದ್ಧದ ವರ್ಷ ರಕ್ತ ಕೊಡುತ್ತೇವೆಂದು ಹೆಸರು ಬರೆಸಿದ್ದವರ ಪಟ್ಟಿ ನಮ್ಮಲ್ಲಿತ್ತು. ಆಸ್ಪತ್ರೆ ಕಮಿಟಿಯಲ್ಲಿದ್ದ ಖಾದರ್ ಸಾಹೇಬರದೇ ಓ ಗುಂಪು. ಗೂಡಿನ ವ್ಯಾಪಾರ ಬಿಟ್ಟು ಅರ್ಧ ಗಂಟೆಯಲ್ಲಿ ಬಂದು ತೋಳು ಚಾಚಿ ಕೂತರು.

ಕೊಡುವ ಮೊದಲು ಕೊನೆಯದೊಂದು ಪರೀಕ್ಷೆ ಇರುತ್ತದೆ. ರೋಗಿಯ ರಕ್ತದ ಮೇಲಿನ ತಿಳಿಯನ್ನು ಕೊಡುವವರ ರಕ್ತಕ್ಕೆ ಬೆರೆಸಿ ನೋಡುವುದು. ಓ ರಕ್ತಕ್ಕೆ ಓ ರಕ್ತ ಬೆರೆತರೆ ಏನೂ ಆಗಬಾರದು. ನಾನು ನಳಿಕೆಯನ್ನು ಬೆಳಕಿಗೆ ಹಿಡಿದೆ. ಗಂಟು ಕಟ್ಟಿತ್ತು. ಮತ್ತೆ ಮಾಡಿದೆ. ಮತ್ತೆ ಗಂಟು.

"ಸಾಹೇಬರದು ಹೊಂದ್ತಿಲ್ಲ ಸಾರ್," ಎಂದೆ.

"ಅದು ಹೆಂಗಮ್ಮ ಹೊಂದಲ್ಲ? ಇಬ್ಬರದೂ ಓ ಅಂತ ನೀನೇ ಬರೆದಿದೀಯ. ನಳಿಕೆ ಸರಿಯಾಗಿ ತೊಳೆದಿರಲ್ಲ, ನೋಡು."

ತೊಳೆದೆ. ಕುದಿಸಿದೆ. ಒಣಗಿಸಿದೆ. ಪಟ್ಟಿಯಲ್ಲಿದ್ದ ಓ ಗುಂಪಿನ ಇನ್ನೂ ಮೂವರನ್ನು ಕರೆಸಿದೆವು. ಮೂವರದೂ ಗಂಟು ಕಟ್ಟಿತು. ಮಾರನೆಯ ದಿನ ಡಾಕ್ಟರು ಸೀರಂ ಹಳೆಯದಾಗಿ ಸತ್ವ ಹೋಗಿದೆ, ಅವಳದು ಓ ಗುಂಪೇ ಅಲ್ಲ ಎಂದರು. ಹೊಸ ಸೀರಂ ಬೇಕೆಂದು ಎರಡು ತಿಂಗಳಿಂದ ನಾನು ಬರೆದು ಕೊಡುತ್ತಲೇ ಇದ್ದೆ, ಆ ಕಾಗದ ಅವರ ಮೇಜಿನ ಮೇಲೆಯೇ ಇತ್ತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಚಿಕ್ಕಬಳ್ಳಾಪುರಕ್ಕೆ ಹೋಗಿ, ಅಲ್ಲಿ ಕೆಲಸಕ್ಕಿದ್ದ ಗೆಳತಿಯನ್ನು ಕಾಡಿಬೇಡಿ ಹೊಸ ಸೀರಮ್ಮಿನ ಶೀಸೆ ತಂದೆ. ಹೊಸದರಲ್ಲೂ ಓ ಎಂದೇ ಬಂತು. ಓ ರಕ್ತವೆಲ್ಲ ಮೊದಲಿನಂತೆಯೇ ಗಂಟು ಕಟ್ಟಿತು.

ಆ ವರ್ಷ ಚಳಿ ವಿಪರೀತ. ನಂದಿಬೆಟ್ಟದ ಕಡೆಯಿಂದ ಇಳಿದ ಮಂಜು ಬೆಳಿಗ್ಗೆ ಒಂಬತ್ತಾದರೂ ಊರು ಬಿಡುತ್ತಿರಲಿಲ್ಲ. ನನ್ನ ಬೆರಳು ಮರಗಟ್ಟಿ ನಳಿಕೆ ಜಾರುತ್ತಿತ್ತು. ಕೆಲವರ ರಕ್ತ ತಣ್ಣಗಾದರೆ ಸುಮ್ಮಸುಮ್ಮನೆ ಗಂಟು ಕಟ್ಟುತ್ತದೆ, ಬೆಚ್ಚಗೆ ಮಾಡಿದರೆ ಬಿಡುತ್ತದೆ ಎಂದು ನಾನು ಕಲಿತದ್ದು ನೆನಪಾಯಿತು. ಇದೇ ಇರಬೇಕೆಂದು ಖುಷಿಯಿಂದ ಸ್ಟೌ ಹಚ್ಚಿ, ಮೈಯ ಬಿಸಿಯಷ್ಟೇ ಬಿಸಿಯಾದ ನೀರಿನಲ್ಲಿ ನಳಿಕೆಗಳನ್ನಿಟ್ಟು, ಗಡಿಯಾರ ನೋಡುತ್ತಾ ಕೂತೆ. ಒಂದು ಗಂಟೆ ಕಳೆದರೂ ಒಂದು ಗಂಟೂ ಬಿಡಲಿಲ್ಲ. ಕೂತಲ್ಲೇ ಅಳು ಬಂತು.

ಅತ್ತ ರತ್ನಮ್ಮ ದಿನದಿನಕ್ಕೆ ಇಳಿಯುತ್ತಿದ್ದಳು. ಪಿಳ್ಳಪ್ಪ ಬಾಗಿಲ ಹತ್ತಿರ ಬಂದು ನಿಂತು, "ಏನಾತದೆ ಲ್ಯಾಬಮ್ಮ? ಇಷ್ಟು ಜನ ಕೊಡಕ್ಕೆ ಬಂದವ್ರೆ, ನೀವು ಬ್ಯಾಡ ಅಂತಿದೀರಂತೆ," ಎಂದ. ನಾನು ಬೇಡ ಅನ್ನುತ್ತಿದ್ದೇನೆ ಎಂದು ಅವನಿಗೆ ಯಾರು ಹೇಳಿದರೋ.

ಮೂರನೆಯ ದಿನ ಡಾಕ್ಟರು ತಾಳ್ಮೆ ಕಳೆದುಕೊಂಡರು.

"ಓ ಅಂತ ಹಳೇ ಸೀರಮ್ಮಲ್ಲೂ ಬಂತು, ಹೊಸ ಸೀರಮ್ಮಲ್ಲೂ ಬಂತು. ಓ ರಕ್ತ ಯಾರಿಗೆ ಕೊಟ್ಟರೂ ನಡೆಯುತ್ತೆ. ನಿನ್ನ ಕೈ ನೆಟ್ಟಗಿಲ್ಲ ಅಂತ ಆ ಹೆಂಗಸು ಸಾಯಬೇಕಾ?"

"ನಾಲ್ಕು ಜನದ್ದೂ ಗಂಟು ಕಟ್ಟಿದೆ ಸಾರ್. ಕೊಡಬೇಡಿ."

"ಜವಾಬ್ದಾರಿ ನನ್ನದು," ಎಂದರು.

ಖಾದರ್ ಸಾಹೇಬರಿಂದ ಒಂದು ಬಾಟಲಿ ತೆಗೆದು, ಮಂಚದ ಪಕ್ಕದ ಕಂಬಿಗೆ ತೂಗುಹಾಕಿದರು. ನಾನು ರತ್ನಮ್ಮನ ಕಾಲ ಬಳಿ ನಿಂತಿದ್ದೆ. ಹತ್ತು ನಿಮಿಷವೂ ಆಗಿರಲಿಲ್ಲ. ಮೊದಲು ಸೊಂಟ ನೋವು ಎಂದಳು. ಆಮೇಲೆ ಹಲ್ಲು ಕಟಕಟ ಕಡಿಯತೊಡಗಿತು, ಮಂಚವೇ ಅಲುಗಾಡುವ ಹಾಗೆ ಮೈ ನಡುಗಿತು. "ಎದೆ ಮ್ಯಾಲೆ ಯಾರೋ ಕೂತಂಗಾತದೆ," ಎಂದಳು. ಡಾಕ್ಟರನ್ನು ಕೇಳದೆ ನಾನೇ ಕೈಚಾಚಿ ಕೊಳವೆಯನ್ನು ಹಿಸುಕಿ ಹಿಡಿದೆ. ಅವರು ಒಂದು ಕ್ಷಣ ನನ್ನನ್ನು ನೋಡಿ ಸೂಜಿ ಕಿತ್ತರು. ಸಂಜೆಗೆ ಅವಳ ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ಬಂತು. ಎರಡು ದಿನ ಉಳಿಯುತ್ತಾಳೋ ಇಲ್ಲವೋ ಎಂಬಂತಿದ್ದು, ಹೇಗೋ ಉಳಿದಳು.

ಆಸ್ಪತ್ರೆಯ ಪುಸ್ತಕದಲ್ಲಿ ಡಾಕ್ಟರು ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನು ಓದಿದೆ. ಪ್ರಯೋಗಾಲಯದವರು ಗುಂಪು ತಪ್ಪಾಗಿ ಗುರುತಿಸಿದ್ದರಿಂದ ಹೀಗಾಯಿತು ಎಂದಿತ್ತು. ಪ್ರಯೋಗಾಲಯದವರು ಅಂದರೆ ನಾನೊಬ್ಬಳೇ. ಕೆಲಸ ಬಿಟ್ಟು ಊರಿಗೆ ಹೋಗಿಬಿಡಬೇಕೆನ್ನಿಸಿತು. ಹಾಗೆ ಹೋದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆಂದು ಹೋಗಲಿಲ್ಲ.

ಅದರ ಬದಲು ರತ್ನಮ್ಮನ ರಕ್ತವನ್ನು ಎರಡು ಶೀಸೆಗಳಲ್ಲಿ ತೆಗೆದು, ಖಾದರ್ ಸಾಹೇಬರದೂ ಒಂದು ಶೀಸೆ ಪಡೆದು, ಐಸು ತುಂಬಿದ ಫ್ಲಾಸ್ಕಿನಲ್ಲಿಟ್ಟುಕೊಂಡು ಕಿರುಹಳಿಯ ಚಿಕ್ಕ ರೈಲು ಹತ್ತಿದೆ. ಆ ರೈಲು ಬೆಂಗಳೂರು ತಲುಪುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ನನಗೆ ಕಲಿಸಿದ ಮೇಷ್ಟರು, ವರದರಾಜನ್ ಅಂತ, ಊಟದ ಡಬ್ಬಿ ಮುಚ್ಚಿಟ್ಟು ನನ್ನ ಕಥೆ ಕೇಳಿದರು.

"ಅವಳ ತಿಳಿಯನ್ನ ಅವಳದೇ ರಕ್ತಕ್ಕೆ ಬೆರೆಸಿ ನೋಡಿದೆಯಾ?"

ನೋಡಿರಲಿಲ್ಲ. ಇಷ್ಟೆಲ್ಲಾ ಮಾಡಿ, ಎಲ್ಲಕ್ಕಿಂತ ಸುಲಭವಾದದ್ದನ್ನು ಬಿಟ್ಟಿದ್ದೆ. ನನ್ನ ಮುಖ ನೋಡಿ ಅವರಿಗೆ ಉತ್ತರ ಗೊತ್ತಾಯಿತು. ಬೈಯಲಿಲ್ಲ. ತಾವೇ ಬೆರೆಸಿದರು. ನಯವಾಗಿತ್ತು. ಅವಳ ರಕ್ತ ಅವಳಿಗೆ ಹೊಂದುತ್ತಿತ್ತು. ಅಂದರೆ ದೋಷ ಚಳಿಯದಲ್ಲ, ನಳಿಕೆಯ ಕೊಳೆಯದೂ ಅಲ್ಲ. ಆಮೇಲೆ ತಮ್ಮ ಹತ್ತಿರವಿದ್ದ ಓ ಗುಂಪಿನ ಎಂಟು ಹತ್ತು ಶೀಸೆಗಳನ್ನು ಸಾಲಾಗಿಟ್ಟು ಒಂದೊಂದಕ್ಕೂ ಬೆರೆಸಿದರು. ಎಲ್ಲವೂ ಗಂಟು ಕಟ್ಟಿದವು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನಿನ್ನ ಕೈ ನೆಟ್ಟಗೇ ಇದೆ ಪದ್ಮಾ. ಇದು ಓ ಅಲ್ಲ, ಓ ಥರ ಕಾಣಿಸುತ್ತೆ ಅಷ್ಟೆ. ಹತ್ತು ಹನ್ನೊಂದು ವರ್ಷದ ಹಿಂದೆ ಬೊಂಬಾಯಲ್ಲಿ ಮೊದಲ ಸಲ ಇಂಥದ್ದು ಸಿಕ್ಕಿತು. ಅದಕ್ಕೇ ಬೊಂಬಾಯಿ ರಕ್ತ ಅಂತಾರೆ. ಎ, ಬಿ, ಓ ಎಲ್ಲರ ರಕ್ತದಲ್ಲೂ ಇರೋ ಒಂದು ಅಂಶ ಇವಳಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಯಾರ ರಕ್ತ ಒಳಗೆ ಬಂದರೂ ಇವಳ ಮೈಗೆ ಅದು ಪರಕೀಯ. ಇಂಥದೇ ಇನ್ನೊಬ್ಬರದ್ದು ಬೇಕು. ನಾನು ಓದಿದ್ದೆ ಅಷ್ಟೆ, ಕಣ್ಣಲ್ಲಿ ನೋಡ್ತಿರೋದು ಇವತ್ತೇ."

"ಇಲ್ಲಿಗೆ ಕಳಿಸಿಬಿಡಲಾ ಸಾರ್?"

"ಕಳಿಸಿ ಏನು ಮಾಡ್ತೀಯ? ಇಲ್ಲಿರೋ ಬಾಟಲಿ ಒಂದೂ ಆಗಲ್ಲ. ಒಡಹುಟ್ಟಿದವರಿದ್ದಾರಾ ನೋಡು. ಅಪ್ಪ ಅಮ್ಮ ಹತ್ತಿರದ ಸಂಬಂಧದಲ್ಲಿ ಮದುವೆಯಾದವರಾದರೆ ಮಕ್ಕಳಲ್ಲಿ ಇನ್ನೊಬ್ಬರಿಗೆ ಬಂದಿರಬಹುದು."

ಅವರು ಬರೆದುಕೊಟ್ಟ ಕಾಗದವನ್ನು ಡಾಕ್ಟರ ಮುಂದಿಟ್ಟೆ. ಎರಡು ಸಲ ಓದಿದರು. "ಈ ಸೀಮೆ ಬಿಟ್ಟು ಆಚೆ ಹೋಗದವಳಿಗೆ ಬೊಂಬಾಯಿ ರಕ್ತ," ಎಂದು ಕಾಗದ ಮಡಚಿದರು. ಆದರೆ ಒಡಹುಟ್ಟಿದವರನ್ನು ಹುಡುಕುವುದು ಬೇಡ ಎನ್ನಲಿಲ್ಲ.

ರತ್ನಮ್ಮನ ತವರು ಮಂಚೇನಹಳ್ಳಿ. ತಾಯಿಯನ್ನು ಸ್ವಂತ ಸೋದರಮಾವನಿಗೇ ಕೊಟ್ಟಿದ್ದರಂತೆ. ತಂದೆ ತಾಯಿ ಇಬ್ಬರೂ ಈಗಿಲ್ಲ. ಒಬ್ಬ ಅಣ್ಣ, ಒಬ್ಬ ತಂಗಿ. ಇದನ್ನೆಲ್ಲ ಹೇಳಿದವನು ಪಿಳ್ಳಪ್ಪ. ಅಣ್ಣನ ಮಾತು ಬಂದಾಗ ಅವನು ನೆಲ ನೋಡಿದ.

"ಅವರು ನಮ್ಮನ್ನ ಮಾತಾಡ್ಸಲ್ಲಮ್ಮ. ಇವಳನ್ನೂ ಸೋದರಮಾವನಿಗೇ ಕೊಡಬೇಕು ಅಂತಿದ್ರು. ಇವಳು ಒಲ್ಲೆ ಅಂದಳು. ನನ್ನ ಕಟ್ಕೊಂಡಳು. ಅಣ್ಣ ಮದುವೆಗೂ ಬರಲಿಲ್ಲ. ಆಮೇಕೆ ಆ ಮಾವನಿಗೆ ತಂಗೀನ ಕೊಟ್ರು. ಹನ್ನೆರಡು ವರ್ಷ ಆತು."

ತಂಗಿ ಅಶ್ವತ್ಥಮ್ಮ ವಿದುರಾಶ್ವತ್ಥದ ಹತ್ತಿರದ ಹಳ್ಳಿಯಲ್ಲಿದ್ದಳು. ಪಿಳ್ಳಪ್ಪ ಹೋಗಿ ಕರೆದದ್ದೇ ತಡ, ಉಟ್ಟ ಸೀರೆಯಲ್ಲೇ ಹೊರಟು ಬಂದಳು. ಅಕ್ಕನ ತಲೆ ಸವರಿ ನನ್ನ ಮುಂದೆ ಬಂದು ಕೂತು ತೋಳು ಚಾಚಿದಳು. "ಎಷ್ಟು ಬೇಕೋ ತಗಳಮ್ಮ. ನಾನು ಗಟ್ಟಿಯಾಗಿದೀನಿ," ಎಂದಳು. ನಾನು ಪರೀಕ್ಷೆ ಮಾಡುವಾಗ ಉಸಿರು ಹಿಡಿದು ಬಿಲ್ಲೆಯನ್ನೇ ನೋಡುತ್ತಿದ್ದಳು. ಗಂಟು ಕಟ್ಟಿತು. ಅವಳಿಗೆ ಅರ್ಥವಾಗಲಿ ಎಂದು ನಾನು ವಿವರಿಸಿದೆ. ಅವಳು ಒಪ್ಪಲಿಲ್ಲ.

"ಒಂದೇ ಹೊಟ್ಟೇಲಿ ಹುಟ್ಟಿದೋರು ನಾವು. ನಿನ್ನ ಔಷಧಿ ಸರಿಯಿಲ್ಲ. ಇನ್ನೊಂದ್ಸಲ ಮಾಡು."

ಇನ್ನೊಂದು ಸಲ ಮಾಡಿದೆ. ಮೂರನೆಯ ಸಲವೂ ಅವಳಿಗಾಗಿಯೇ ಮಾಡಿದೆ. ಕೊಡಲೇಬೇಕೆಂದು ಬಂದವಳ ರಕ್ತ ಆಗುವುದಿಲ್ಲ ಎಂದು ಅವಳಿಗೆ ಹೇಳುತ್ತಾ ಹೇಳುತ್ತಾ ನನ್ನ ದನಿ ಏರಿತು. ಅವಳು ಎದ್ದು ಹೋಗಿ ಜಗಲಿಯ ಕಂಬಕ್ಕೆ ತಲೆಯಾನಿಸಿ ಕೂತಳು. ಹಾಗೆ ಕೂಗಿದ್ದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಉಳಿದವನು ಅಣ್ಣ. ಪಿಳ್ಳಪ್ಪ ಕರೆಯಲು ಹೋಗಿ ಬಾಗಿಲಲ್ಲೇ ಮಾತು ಕೇಳಿ ವಾಪಸು ಬಂದ. ಅಶ್ವತ್ಥಮ್ಮ ಹೋದಳು, ಅವಳ ಮಾತೂ ನಡೆಯಲಿಲ್ಲ. ಕೊನೆಗೆ ಬಿಲ್ಲೆ, ಸೂಜಿ, ರತ್ನಮ್ಮನ ರಕ್ತದ ತಿಳಿ ತುಂಬಿದ ಶೀಸೆ ಇಷ್ಟನ್ನೂ ಚೀಲದಲ್ಲಿ ಹಾಕಿಕೊಂಡು ನಾನೇ ಹೊರಟೆ. ಖಾದರ್ ಸಾಹೇಬರು, "ನೀನೊಬ್ಬಳೇ ಹೋಗಬೇಡ ಬೇಟಿ," ಎಂದು ತಮ್ಮ ಕಾರಿನಲ್ಲಿ ಕರೆದೊಯ್ದರು. ಸ್ಕಂದಗಿರಿಯ ತಲೆ ಇನ್ನೂ ಮಂಜಿನೊಳಗಿತ್ತು. ದಾರಿಯುದ್ದಕ್ಕೂ ಅವರು, "ನನ್ನ ರಕ್ತದಿಂದ ಅವಳಿಗೆ ಹಾಗಾಯಿತಲ್ಲ," ಎಂದು ಒಂದೇ ಮಾತು ಹೇಳುತ್ತಿದ್ದರು. ತಪ್ಪಿಲ್ಲದವರು ಹೀಗೆ ಕೊರಗುವುದು, ಪುಸ್ತಕದಲ್ಲಿ ತಪ್ಪು ಬರೆದವರು ನೆಮ್ಮದಿಯಾಗಿರುವುದು ನೋಡಿ ನನಗೆ ಮೈ ಉರಿಯಿತು.

ಅಣ್ಣನ ಹೆಸರು ನಾರಾಯಣಪ್ಪ. ಎತ್ತರದ ಆಳು, ದಪ್ಪ ಮೀಸೆ. ಅಂಗಳದಲ್ಲಿ ಅವರೆಕಾಯಿ ಬಳ್ಳಿ ಬಡಿಯುತ್ತಿದ್ದ. ನಾನು ಯಾರೆಂದು ಹೇಳುತ್ತಲೇ, "ವದ್ದಮ್ಮಾ," ಎಂದು ತೆಲುಗಿನಲ್ಲಿ ಬೇಡವೆಂದು ಕೈಯಾಡಿಸಿದ. "ಅವಳು ನಮಗೆ ಸತ್ತು ಹನ್ನೆರಡು ವರ್ಷ ಆತು."

"ನೀವು ಕೊಡಲೇಬೇಕು ಅಂತ ನಾನು ಹೇಳ್ತಿಲ್ಲ. ಬೆರಳಿಂದ ಒಂದು ತೊಟ್ಟು ಕೊಡಿ. ನಿಮ್ಮದೂ ಹೊಂದಲಿಲ್ಲ ಅಂದರೆ ನಾನು ಹೋಗ್ತೀನಿ, ಮತ್ತೆ ಯಾರೂ ನಿಮ್ಮ ಬಾಗಿಲಿಗೆ ಬರಲ್ಲ."

ಅವನು ಕೈಲಿದ್ದ ಬಡಿಗೆ ಕೆಳಗಿಟ್ಟ. ಖಾದರ್ ಸಾಹೇಬರ ಕಡೆ ನೋಡಿದ. ಆಮೇಲೆ ಜಗಲಿ ಮೇಲೆ ಕೂತು, ಮುಖವನ್ನು ಪೂರ್ತಿ ಗೋಡೆಯ ಕಡೆ ತಿರುಗಿಸಿ, ಎಡಗೈ ಚಾಚಿದ. ಸೂಜಿ ತಗುಲಿದಾಗ ಭುಜ ಎಗರಿತು. ನನ್ನ ಮುಖ ನೋಡಲೂ ಅಸಹ್ಯವಿರಬೇಕು ಎಂದುಕೊಂಡೆ.

ಬಿಲ್ಲೆಯನ್ನು ಬಿಸಿಲಿಗೆ ಹಿಡಿದು ನಿಧಾನವಾಗಿ ಆ ಕಡೆ ಈ ಕಡೆ ಬಾಗಿಸಿದೆ. ಎರಡು ನಿಮಿಷ. ಐದು ನಿಮಿಷ. ಮೂರು ವಾರದಿಂದ ಗಂಟುಗಳನ್ನೇ ನೋಡಿದ ಕಣ್ಣಿಗೆ ನಂಬಿಕೆಯೇ ಬರಲಿಲ್ಲ. ಕೆಂಪು ತೊಟ್ಟು ಎಣ್ಣೆಯಂತೆ ನಯವಾಗಿ ಹರಿಯುತ್ತಿತ್ತು.

"ಹೊಂದಿದೆ," ಎಂದೆ. "ಈ ಸುತ್ತಿನಲ್ಲಿ ನಮಗೆ ಗೊತ್ತಿರೋ ಹಾಗೆ ಅವರಿಗೆ ಆಗೋದು ನಿಮ್ಮೊಬ್ಬರದೇ."

"ಒಂದು ತೊಟ್ಟು ಅಂದ್ರಿ, ಕೊಟ್ಟೆ," ಎಂದು ಅವನು ಎದ್ದ.

"ಒಂದು ಬಾಟಲಿ ಬೇಕು. ತೋಳಿಂದ."

ಅವನು ಬಳ್ಳಿ ಬಡಿಯಲು ಹೋದ. ಅವನ ಬೆನ್ನಿಗೆ ನಾನು ಏನೇನೋ ಹೇಳಿದೆ. ಅಕ್ಕನಿಗೆ ಬದಲಾಗಿ ಮಾವನ ಮನೆಗೆ ತಳ್ಳಿದ ತಂಗಿ ಓಡಿ ಬಂದಳು, ನೀವು ಗಂಡಸು ಕೂತಿದ್ದೀರಿ ಎಂದೆ. ಖಾದರ್ ಸಾಹೇಬರು ನನ್ನ ತೋಳು ಹಿಡಿದು ಕಾರಿನ ಕಡೆ ನಡೆಸಿದರು. "ಬಿಡು ಬೇಟಿ. ಬಡಿದರೆ ಬರೋನಲ್ಲ ಅವನು."

ಮೂರು ದಿನ ಕಳೆದವು. ಆ ಮೂರು ದಿನದಲ್ಲಿ ನಾನು ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಔಷಧಿ ಗೊತ್ತಿದ್ದೂ, ಎಲ್ಲಿದೆ ಎಂದು ಗೊತ್ತಿದ್ದೂ, ತರಲಾಗದೆ ಕೂರುವುದು ಗೊತ್ತಿಲ್ಲದೆ ಕೂರುವುದಕ್ಕಿಂತ ಕಷ್ಟ. ರತ್ನಮ್ಮನಿಗೆ ಈಗ ಕೂತರೆ ಕಣ್ಣು ಕತ್ತಲೆ ಬರುತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನಾರಾಯಣಪ್ಪ ಬಂದ. ಯಾಕೆ ಮನಸ್ಸು ಬದಲಾಯಿತೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. "ಬೇಗ ಮುಗಿಸಿ," ಎಂದ. ಮಲಗಿಸಿ ತೋಳಿಗೆ ಪಟ್ಟಿ ಕಟ್ಟಿದೆವು. ಅವನು ಕಣ್ಣು ಮುಚ್ಚಿಕೊಂಡ. ಆ ಚಳಿಯಲ್ಲೂ ಅವನ ಹಣೆಯಿಂದ ಬೆವರು ಕಿವಿಗೆ ಇಳಿಯುತ್ತಿತ್ತು. ಬಾಟಲಿ ತುಂಬಿತು. ಎದ್ದು ನಿಂತು ಗೋಡೆ ಹಿಡಿದುಕೊಂಡ.

"ಅವರು ಆ ರೂಮಲ್ಲೇ ಇದ್ದಾರೆ. ನೋಡಿ ಹೋಗಿ," ಎಂದೆ.

"ನೋಡಕ್ಕೆ ಬಂದಿಲ್ಲ. ಯಾರು ಕೊಟ್ಟಿದ್ದು ಅಂತ ಅವಳಿಗೆ ಹೇಳಬಾರದು," ಎಂದು ಹೇಳಿ ಹೊರಟುಬಿಟ್ಟ. ಕಿಟಕಿಯಿಂದ ನೋಡಿದೆ. ಬೀದಿಯಲ್ಲಿ ಒಂದು ಸಲ ನಿಂತು, ಬಾಗಿ ಮೊಣಕಾಲು ಹಿಡಿದುಕೊಂಡು, ಮತ್ತೆ ನಡೆದ.

ಆ ದಿನ ನಾನು ಮಂಚದ ಪಕ್ಕದಿಂದ ಕದಲಲಿಲ್ಲ. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ರತ್ನಮ್ಮ ನಡುಗಲಿಲ್ಲ. ನಿದ್ದೆ ಹೋದಳು. ಮಧ್ಯಾಹ್ನದ ಹೊತ್ತಿಗೆ ತುಟಿಗೆ ಸ್ವಲ್ಪ ಬಣ್ಣ ಬಂತು. ಎರಡು ದಿನ ಬಿಟ್ಟು ಡಾಕ್ಟರು ಆಪರೇಷನ್ ಮಾಡಿದರು. ಅಷ್ಟು ಕಡಿಮೆ ರಕ್ತ ಕಳೆದು ಅಂಥ ಗಡ್ಡೆ ತೆಗೆದದ್ದನ್ನು ನಾನು ಮುಂದೆಂದೂ ನೋಡಲಿಲ್ಲ. ಅವರ ಕೈಯನ್ನು ನಾನು ಯಾವತ್ತೂ ಅನುಮಾನಿಸಿರಲಿಲ್ಲ.

ಪುಸ್ತಕದಲ್ಲಿ ಬರೆದದ್ದನ್ನು ತಿದ್ದಿ ಎಂದು ಕೇಳಿದೆ. "ಮುಗಿದ ಮಾತು ಯಾಕಮ್ಮ? ಹುಷಾರಾದಳಲ್ಲ," ಎಂದರು. ಎರಡನೆಯ ಸಲ ಕೇಳಿದಾಗ, "ನೋಡೋಣ," ಎಂದರು. ನಾನು ಕೆಲಸ ಬಿಡುವ ದಿನದವರೆಗೂ ಆ ಸಾಲು ಹಾಗೆಯೇ ಇತ್ತು. ಬೇರೆ ಆಸ್ಪತ್ರೆಗೆ ಅರ್ಜಿ ಹಾಕಿದಾಗ ಅವರು ಬರೆದುಕೊಟ್ಟ ಪತ್ರದಲ್ಲಿ ಶ್ರದ್ಧೆಯುಳ್ಳವಳು, ಆದರೆ ಎಚ್ಚರ ಸಾಲದು ಎಂದಿತ್ತು.

ರತ್ನಮ್ಮ ಎದ್ದು ಕೂರುವಂತಾದ ಮೇಲೆ ಒಂದು ಬೆಳಿಗ್ಗೆ ಅವಳ ರಕ್ತ ನೋಡಲು ಹೋದೆ. ಬೆರಳು ಒತ್ತಿ ಹಿಡಿದಾಗ ಕೇಳಿದಳು.

"ಕೊನೇಗೆ ಯಾರದು ಹೊಂದಿತಮ್ಮ? ಯಾರನ್ನ ಕೇಳಿದ್ರೂ ಬಾಯಿ ಬಿಡಲ್ಲ."

ಹೇಳಬಾರದೆಂದು ಅವನು ಹೇಳಿದ್ದ. ಆದರೆ ಆ ಚಳಿಗಾಲದಲ್ಲಿ ನಾನು ಬಾಯಿ ಮುಚ್ಚಿಕೊಂಡದ್ದು ಸಾಕಾಗಿತ್ತು. "ನಿಮ್ಮಣ್ಣಂದು," ಎಂದೆ. "ಮಂಚೇನಹಳ್ಳಿಯಿಂದ ಬಂದು ಕೊಟ್ಟು ಹೋದರು. ನಿಮ್ಮನ್ನ ನೋಡಿ ಅಂದೆ. ನೋಡಲಿಲ್ಲ."

ಅವಳು ಅಳಲಿಲ್ಲ. ಕಿಟಕಿಯ ಕಡೆ ತಿರುಗಿದಳು.

"ನಾರಾಯಣಣ್ಣನಾ?" ಎಂದಳು. "ತೋಳಿಗೆ ಸೂಜಿ ಹಾಕಿಸ್ಕೊಂಡನಾ? ಚಿಕ್ಕೋನಿದ್ದಾಗ ಇಸ್ಕೂಲಿಗೆ ಸೂಜಿ ಹಾಕೋರು ಬಂದ್ರೆ ರಾಗಿ ಕಣಜದೊಳಗೆ ಬಚ್ಚಿಟ್ಕಳೋನು. ಅವನು ದೊಡ್ಡೋನು, ನಾನು ಚಿಕ್ಕೋಳು. ನಾನೇ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತಿದ್ದೆ. ಸೂಜಿ ಕಂಡ್ರೆ ತಲೆ ತಿರುಗಿ ಬಿದ್ದುಬಿಡೋನು."

ಆ ಜಗಲಿಯಲ್ಲಿ ಗೋಡೆ ಕಡೆ ತಿರುಗಿದ ಅವನ ಮುಖ, ಹಣೆಯ ಬೆವರು, ಬೀದಿಯಲ್ಲಿ ಮೊಣಕಾಲು ಹಿಡಿದು ನಿಂತದ್ದು, ಎಲ್ಲವೂ ನನಗೆ ಆಗ ಬೇರೆಯಾಗಿ ಕಂಡವು.

"ಕೊಟ್ಟ ಮ್ಯಾಲೆ ಏನಾದ್ರೂ ತಿಂದು ಹೋದನಾ?" ಎಂದು ಕೇಳಿದಳು.

ರಕ್ತ ಕೊಟ್ಟವರಿಗೆ ಸ್ವಲ್ಪ ಹೊತ್ತು ಮಲಗಿರಲು ಹೇಳಿ ಕಾಫಿ, ಬನ್ನು ಕೊಡುವುದು ನಮ್ಮಲ್ಲಿದ್ದ ಪದ್ಧತಿ. ಅದನ್ನು ತರಿಸಬೇಕಾದವಳು ನಾನು. ಅವನ ಮೇಲಿನ ಸಿಟ್ಟಿಗೆ ತರಿಸಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ಬಂದಿದ್ದನೋ ಏನೋ, ಅದನ್ನೂ ಕೇಳಿರಲಿಲ್ಲ.

"ಇಲ್ಲ," ಎಂದೆ.

ಅವಳು ತಲೆಯಾಡಿಸಿದಳು. ಅವಳ ಬೆರಳು ಇನ್ನೂ ನನ್ನ ಕೈಯಲ್ಲೇ ಇತ್ತು. ಸೂಜಿ ಚುಚ್ಚಲು ನನಗೆ ಬಹಳ ಹೊತ್ತು ಬೇಕಾಯಿತು.